ಇನ್ನೂರಾ ಒಂಬತ್ತನೇ ಕಾರ್ಡು

“ಒಂದಾನೊಂದು ಗ್ರಹದಾಗ ಒಂದು ಸರಕಾರ ಇತ್ತಂತ. ಆ ಗ್ರಹದ ಮಂದಿಗೆ ಆರಾರು ಕೈ. ಐದು ಕೈಲೆ ದುಡೀತಿದ್ರು, ಆರನೇ ಕೈಲೆ ಅರ್ಜಿ ಬರೀತಿದ್ರು. ಹಿಂಗಿರಬೇಕಾದ್ರ ಒಂದಿವಸ ಸರಕಾರಕ್ಕ ತನ್ನ ಸೂರ್ಯನ್ನ ಎಲ್ಲಿಟ್ಟೇನಿ ಅನ್ನೂದ ಮರತ ಹೋತಂತ. ಸೂರ್ಯ ಕಳದೈತಿ ಅಂತ ಬರದ್ರ ತನಿಖೆ ಆಕ್ಕೈತಿ. ಅದಕ್ಕ, ಇನ್ನ ಮುಂದ ಅದರ ಹೆಸರು ಯಾರೂ ಎತ್ತಬಾರದು, ‘ಅದು’ ಅಂತಷ್ಟ ಅನ್ನಬೇಕು ಅಂತ ಹುಕುಂ ಹೊರಟಿತು.”

ನೂರೀನ ಇಷ್ಟು ಓದಿ, ಕೈಯಲ್ಲಿದ್ದ ರಟ್ಟಿನ ಪಟ್ಟಿಯನ್ನು ಟೀಪಾಯಿಯ ಮೇಲೆ ಮೆಲ್ಲಗೆ ಇಟ್ಟಳು.

ಮೊಳದುದ್ದದ ಹಳೆಯ ಪಟ್ಟಿ, ಮೈತುಂಬ ತೂತು. ಅಕ್ಷರಗಳು ತೂತುಗಳನ್ನು ತಪ್ಪಿಸಿಕೊಂಡು, ಕೆಸರು ದಾಟುವವರ ಹಾಗೆ ಜಿಗಿದು ಜಿಗಿದು ಸಾಗಿದ್ದವು. ಒಂದು ಮೂಲೆಯಲ್ಲಿ ಕೆಂಪು ರೇಶಿಮೆ ದಾರದ ಗಂಟು. ಇನ್ನೊಂದು ಮೂಲೆಯಲ್ಲಿ ಅಚ್ಚೊತ್ತಿದ ಅಂಕಿ: ೨೦೯.

ಎದುರಿನ ಕುರ್ಚಿಯಲ್ಲಿ ಅಂದಪ್ಪ ಮಾಸ್ತರರು ಬಸಿಗೆ ಸುರಿದ ಚಹಾ ಆರಿಸುತ್ತ ಕುಳಿತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತರಾಗಿ ಲಕ್ಷ್ಮೇಶ್ವರದಲ್ಲಿ ನೆಲೆಸಿದವರು. ಹೋದ ವರ್ಷ ಒಂದು ಕಾದಂಬರಿ ಬರೆದರು. ನಾಳೆ ಹನ್ನೊಂದು ಗಂಟೆಗೆ ಗದಗಿನಲ್ಲಿ ಅದಕ್ಕೆ ದೊಡ್ಡ ಬಹುಮಾನ.

“ಚಲೋ ಐತಿ,” ಎಂದರು. “ನಿನ್ನ ಕಥೀನೇನವಾ?”

“ನಂದಲ್ರಿ. ನಿಮ್ಮ ಪುಸ್ತಕದ ಮೊದಲನೇ ಮಾತಿದು.”

“ನನ್ನ ಪುಸ್ತಕದಾಗ ಇದು ಎಲ್ಲೂ ಇಲ್ಲ.”

“ಹೌದ್ರಿ. ಇಲ್ಲ. ಅದನ್ನ ಕೇಳಾಕ ಬಂದೇನಿ.”

ಬಸಿಯಲ್ಲಿದ್ದ ಚಹಾ ಕುಡಿಯುವುದನ್ನು ಮಾಸ್ತರರು ಮರೆತರು.

ಬೆಟಗೇರಿಯ ನೇಕಾರ ಮಾಶಾಕ ತೀರಿಕೊಂಡು ಎರಡು ವರ್ಷ. ಸೀರೆಯ ಅಂಚಿಗೆ ಹೂವು ಮೂಡಿಸಲು ಮಗ್ಗಕ್ಕೆ ಏರಿಸುವ ತೂತು ಕಾರ್ಡುಗಳ ಬೆನ್ನಿಗೆ ಅವನು ಕಥೆ ಬರೆದಿಟ್ಟಿದ್ದ; ಆ ಕಾರ್ಡಿನ ಮಾಲೆ ಮನೆಯಿಂದ ಮಾಯವಾಗಿಯೂ ಎರಡು ವರ್ಷ. ಮೊಮ್ಮಗಳು ನೂರೀನ ಗದಗಿನ ಒಂದು ಛಾಪಖಾನೆಯಲ್ಲಿ ಮದುವೆಯ ಪತ್ರಿಕೆಗಳನ್ನು ಟೈಪು ಮಾಡುವವಳು. ಅಜ್ಜಿ ಫಕೀರಬಿಗೆ ಅವಳು ಮಾತು ಕೊಟ್ಟಿದ್ದಳು: ಮಾಲೆಯನ್ನು ಹುಡುಕಿ ತರುತ್ತೇನೆ, ಕೆಂಪು ದಾರದಿಂದ ಶುರು ಮಾಡಿ ಕಡೆಯ ಕಾರ್ಡಿನ ತನಕ ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ. ತನಗೆ ತಾನೂ ಒಂದು ಮಾತು ಕೊಟ್ಟುಕೊಂಡಿದ್ದಳು. ನಾಳೆ ಆ ವೇದಿಕೆಯ ಮೇಲೆ ಪುಸ್ತಕದ ಜೊತೆಗೆ ಕೂಗುವ ಹೆಸರು ಮಾಶಾಕನದೇ ಆಗಿರಬೇಕು.

“ನಿಮ್ಮ ಪುಸ್ತಕ ಹೆಂಗ ಶುರು ಆಕ್ಕೈತ್ರಿ ಸರ್?”

“ನೀ ಓದಿಲ್ಲೇನು?”

“ನಿಮ್ಮ ಬಾಯಿಲೆ ಕೇಳಬೇಕಂತ.”

ಮಾಸ್ತರರು ಗಂಟಲು ಸರಿಮಾಡಿಕೊಂಡರು. “‘ಸತ್ತ ಮರುದಿವಸ ಅವ ಚಾ ಕುಡಿಯಾಕ ಬಂದ.’ ಈ ಒಂದು ಸಾಲಿನ ಮ್ಯಾಲೆ ಇಬ್ಬರು ವಿಮರ್ಶಕರು ಲೇಖನ ಬರದಾರ. ಸಾವು ಮತ್ತ ಬದುಕಿನ ಗೆರಿ ಅಳಿಸಿ ಹಾಕೇನಿ ಅಂತ.”

“ಅವ ಯಾಕ ಸತ್ತಿದ್ದ?”

“ಅಂದ್ರ?”

“ಸತ್ತಿದ್ದ ಅಂದ್ರಲ್ಲ. ಯಾಕ ಸತ್ತಿದ್ದ? ಜಡ್ಡಿತ್ತೋ, ಬಸ್ಸಿನಡಿ ಸಿಕ್ಕನೋ?”

“ಏ ಹುಚ್ಚಿ, ಅದು ರೂಪಕ.”

“ರೂಪಕ ಅಲ್ರಿ ಸರ್, ತಹಶೀಲ್ದಾರ ಕಚೇರಿ,” ಎಂದಳು ನೂರೀನ. “ಆರು ಕೈಯ ಜವಾನ ಭೂಮಿಗೆ ಬಂದು ರಹವಾಸಿ ಪ್ರಮಾಣಪತ್ರಕ್ಕ ಅರ್ಜಿ ಕೊಡತಾನ. ವರ್ಷ ಕಳೀತಾವ. ಫೈಲು ಬಂದ ಮಾಡಾಕ ಬ್ಯಾರೆ ದಾರಿ ಕಾಣದ ಗುಮಾಸ್ತ ಅವನ್ನ ಸತ್ತಾನ ಅಂತ ಬರೀತಾನ. ಮರುದಿವಸ ಅವ ಅಲ್ಲೇ ಎದುರಿನ ಅಂಗಡಿಗೆ ಚಾ ಕುಡಿಯಾಕ ಬರತಾನ. ನಗೂ ಮಾತದು. ನಿಮ್ಮ ಪುಸ್ತಕದಾಗ ಗುಮಾಸ್ತ ಎಲ್ಲಿ ಬರತಾನ ಹೇಳ್ರಿ?”

ಮಾಸ್ತರರು ಬಸಿಯನ್ನು ಕೆಳಗಿಟ್ಟರು. ನೂರೀನಳೇ ಹೇಳಿದಳು:

“ನೂರಾ ಮೂವತ್ತೆಂಟನೇ ಪುಟಕ್ಕ. ಪುಸ್ತಕ ಇನ್ನ ಎರಡ ಪುಟಕ್ಕ ಮುಗೀತೈತಿ ಅಂದಾಗ. ನಗೂದು ಮೊದಲನೇ ಪುಟಕ್ಕ, ನಗೂ ಕಾರಣ ಕಡೀ ಪುಟಕ್ಕ.”

ಅಡುಗೆಮನೆಯ ಬಾಗಿಲಲ್ಲಿ ಬಳೆ ಸದ್ದಾಯಿತು. ಮಾಸ್ತರರ ಹೆಂಡತಿ ದೇವವ್ವ ಬಂದು ನಿಂತಿದ್ದಳು, ಕೈಯಲ್ಲಿ ಅವಲಕ್ಕಿಯ ತಾಟು.

ನೂರೀನ ಚೀಲದಿಂದ ಪುಸ್ತಕ ತೆಗೆದಳು. ‘ಅದರ ಶೋಧ’. ಮುಖಪುಟದ ಮೇಲೆ ಕತ್ತಲು, ಕತ್ತಲಲ್ಲಿ ಒಂದು ಕೈ. ಎಪ್ಪತ್ತೊಂದನೇ ಪುಟದಲ್ಲಿ ಅವಳು ಮದುವೆಯ ಪತ್ರಿಕೆಯೊಂದನ್ನು ಗುರುತಿಗೆ ಇಟ್ಟಿದ್ದಳು.

“ಇಲ್ಲಿ ನೋಡ್ರಿ. ‘ನಗು ಬಂದ್ರ ನಗ್ರಿ, ಇಲ್ಲಂದ್ರ ಮನಿಗೆ ಹೋಗ್ರಿ, ನಮ್ಮ ಕಥಿ ಮುಗೀತು.’ ಇದು ಪುಸ್ತಕದ ನಡುವ ಐತಿ. ಇದರ ಮುಂದಿನ ಸಾಲು: ‘ಅದನ್ನ ಹುಡುಕಾಕ ಒಬ್ಬ ಜವಾನನ್ನ ಕಳಿಸಿದ್ರು.’ ಯಾವುದನ್ನ ಹುಡುಕಾಕ ಸರ್?”

“ಅದನ್ನ ಹೇಳಬಾರದು. ಹೇಳಿದ್ರ ಅದು ಸಣ್ಣದಾಕ್ಕೈತಿ. ಮನುಷ್ಯನ ಅನಂತ ಹುಡುಕಾಟ ಅದು. ಬಹುಮಾನದ ಸಮಿತಿಯವರೂ ಹಂಗ ಬರದಾರ.”

“ಸೂರ್ಯನ್ನ ಹುಡುಕಾಕ. ಸರಕಾರ ಎಲ್ಲೋ ಇಟ್ಟು ಮರತದ್ದನ್ನ.” ನೂರೀನ ಕೆಂಪು ದಾರದ ಕಾರ್ಡನ್ನು ಬೆರಳಿನಿಂದ ತಟ್ಟಿದಳು. “ಈ ಒಂದು ಕಾರ್ಡಿನಾಗ ಅಷ್ಟ ಅದರ ಹೆಸರೈತಿ. ಆಮ್ಯಾಲೆ ಹುಕುಂ ಪ್ರಕಾರ ಎಲ್ಲಾರೂ ‘ಅದು’ ಅಂತಾರ. ಈ ಕಾರ್ಡ್ ನಿಮ್ಮ ಕೈಗೆ ಸಿಕ್ಕಿಲ್ಲ. ಅದಕ್ಕ ನಿಮ್ಮ ಜವಾನ ಪಾಪ, ಏನ ಹುಡುಕಾಕತ್ತೇನಿ ಅಂತ ತನಗೂ ಗೊತ್ತಿಲ್ಲದ ನೂರಾ ನಲವತ್ತು ಪುಟ ತಿರಗತಾನ.”

ದೇವವ್ವನ ಬಾಯಿಂದ ಫಕ್ಕನೆ ನಗೆ ಹೊರಬಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಪುಸ್ತಕಕ್ಕೆ ಯಾರಾದರೂ ನಕ್ಕಿದ್ದನ್ನು ನೂರೀನ ಕೇಳಿದ್ದು ಅದೇ ಮೊದಲು.

“ಒಳಗ ನಡಿ ನೀ,” ಎಂದರು ಮಾಸ್ತರರು.

“ಯಾಕ? ಮನೀ ಒಡತಿ ನಾ. ಕುಂಡ್ರತೇನಿ.” ದೇವವ್ವ ತಾಟು ಇಟ್ಟು ನೆಲದ ಮೇಲೆ ಕೂತೇಬಿಟ್ಟಳು.

ಮಾಸ್ತರರ ದನಿ ಬಿರುಸಾಯಿತು. “ಒಂದು ರಟ್ಟು ಹಿಡಕೊಂಡು ಬಂದು ನನ್ನ ಕಳ್ಳ ಅಂತೀ? ಇದನ್ನ ನಿನ್ನೀನ ಬರದಿರಬಹುದು ನೀ. ನಿಮ್ಮ ಛಾಪಖಾನಿಯಾಗ ಇಂಥವು ಏನ್ ಕಡಿಮಿ?”

“ಮುದಕಪ್ಪನ್ನ ಕೇಳ್ರಿ.”

ಆ ಮಾತಿಗೆ ಅವಳು ನಾಲ್ಕು ದಿನ ಬಸ್ಸು ಹತ್ತಿ ಇಳಿದಿದ್ದಳು. ಮಾಶಾಕ ಸತ್ತ ಮೇಲೆ ಚಿಕ್ಕಪ್ಪ ಇಜಾಜ ಮಗ್ಗವನ್ನು ಶಿರಹಟ್ಟಿಯ ನೇಕಾರ ಮುದಕಪ್ಪನಿಗೆ ಮಾರಿದ್ದ. ಮುದಕಪ್ಪ ಅದನ್ನು ಬಿಚ್ಚಿ ತಂದು, ಜೋಡಿಸದೆ ಗೋಡೆಗೆ ಒರಗಿಸಿ ಇಟ್ಟಿದ್ದ. ಮೊನ್ನೆ ಇಬ್ಬರೂ ಸೇರಿ ಮಗ್ಗದ ಮೇಲಿನ ಕಾರ್ಡಿನ ಪೆಟ್ಟಿಗೆಯ ಧೂಳು ಕೊಡವಿದಾಗ ಈ ಕಾರ್ಡು ಉದುರಿತ್ತು. ಎರಡೂ ಅಂಚಿನಲ್ಲಿ ಹೊಲಿಗೆ ಹರಿದಿತ್ತು.

“ಇದು ನಂಬರ್ ಒಂದಲ್ಲಲ್ಲ, ಇದಕ್ಯಾಕ ದಾರ ಕಟ್ಯಾರ?” ಎಂದು ಅವಳು ಕೇಳಿದಾಗ ಮುದಕಪ್ಪ ನಕ್ಕಿದ್ದ. “ನಂಬರು ಸೀರಿಗೆ ತಂಗಿ, ನೇಕಾರಗಲ್ಲ. ಅಂಚಿನ ಹೂವು ಒಂದರಿಂದ ಶುರು ಆಕ್ಕೈತಿ. ಕಾರ್ಡಿನ ಮಾಲಿಗೆ ತಲಿ ಎಲ್ಲಿ, ಬಾಲ ಎಲ್ಲಿ? ದುಂಡಗ ಹೊಲದಿರತಾರ, ತಿರಗತಿರತೈತಿ. ನಾವು ಎಲ್ಲಿಂದ ಶುರು ಮಾಡಿದ್ವೋ ಅಲ್ಲೊಂದು ದಾರ ಕಟ್ಟತೇವಿ. ನಿಮ್ಮಜ್ಜ ಬರ್ಯಾಕ ಕುಂತಾಗ ಎದುರಿಗೆ ಯಾವ ಕಾರ್ಡ್ ಇತ್ತೋ ಅಲ್ಲಿಂದ ಕಥಿ ಶುರು ಮಾಡ್ಯಾನ.”

ನಾನೂರಾ ಹನ್ನೆರಡು ಕಾರ್ಡು. ಯಾರೂ ಉಡದಂತಾದ ಹಳೆಯ ಅಂಚಿನ ಚಿತ್ತಾರದ್ದು. ಮಾಶಾಕ ಅದರ ಬೆನ್ನ ಮೇಲೆ, ಮಗ್ಗದಿಂದ ಇಳಿಸದೆಯೇ, ಒಂದೊಂದಾಗಿ ತಿರುಗಿಸಿಕೊಂಡು ಬರೆದಿದ್ದ. ೨೦೯ರಿಂದ ಹೊರಟ ಕಥೆ ೪೧೨ಕ್ಕೆ ಬಂದು, ಹಾಗೇ ಒಂದಕ್ಕೆ ದಾಟಿ, ಒಂದು ಸುತ್ತು ಹಾಕಿ ೨೦೮ಕ್ಕೆ ಮುಗಿದಿತ್ತು.

“ನೀವು ನಂಬರ್ ಒಂದರಿಂದ ಓದೀರಿ, ಸರ್,” ಎಂದಳು ನೂರೀನ. “ನೇಕಾರ ಆಗಿದ್ರ ಹಂಗ ಓದತಿರಲಿಲ್ಲ. ಮಾಸ್ತರು ಅಷ್ಟ ಹಂಗ ಓದತಾರ.”

“ಎಲ್ಲಾ ನಿನ್ನ ಊಹಾ.”

“ಇದೂ ಊಹಾ ಏನ್ರಿ?”

ಅವಳು ಮೊಬೈಲನ್ನು ಮುಂದಿಟ್ಟಳು. ಪುಸ್ತಕದ ಪ್ರಕಾಶಕ ಫಕೀರೇಶನ ಮೇಜಿನ ಖಾನೆಯಲ್ಲಿದ್ದ ಕೈಬರಹದ ಪ್ರತಿಯ ಚಿತ್ರಗಳು. ದುಂಡಗಿನ ಮಾಸ್ತರ ಅಕ್ಷರ. ಎಡಗಡೆ ಕೆಂಪು ಶಾಯಿಯಲ್ಲಿ ಒಂದರ ಕೆಳಗೊಂದು ಅಂಕಿ. ಒಂದು, ಎರಡು, ಮೂರು. “ಕಾದಂಬರಿಗೆ ಹಾಜರಿ ಹಾಕಿದಂಗ ಹಾಕ್ಯಾರ ನೋಡವಾ ಮಾಸ್ತರು” ಎಂದು ಅವಳಿಗೆ ಅದನ್ನು ತೋರಿಸುತ್ತ ಫಕೀರೇಶ ಮಷ್ಕಿರಿ ಮಾಡಿದ್ದ. ಇನ್ನೂರಾ ಎಂಟು. ಅದರ ಕೆಳಗೆ ಇನ್ನೂರಾ ಹತ್ತು.

“ಇನ್ನೂರಾ ಒಂಬತ್ತು ಗೈರುಹಾಜರ್,” ಎಂದಳು ನೂರೀನ. “ಅದು ನನ್ನ ಹತ್ರ ಐತಿ.”

ಗೋಡೆಯ ಮೇಲಿನ ಸನ್ಮಾನದ ಫೋಟೋಗಳಲ್ಲೆಲ್ಲ ಮಾಸ್ತರರು ಶಾಲು ಹೊದ್ದುಕೊಂಡು ಗಂಭೀರವಾಗಿ ನಿಂತಿದ್ದರು.

“ಕೆಂಪು ದಾರ ಅಂದಿದ್ದ,” ಎಂದರು ಅವರು ಕೊನೆಗೆ, ಗೋಡೆಗೆ ಹೇಳಿದ ಹಾಗೆ. “ದಾರದಿಂದ ಓದ್ರಿ ಅಂದಿದ್ದ. ನಾ ಹುಡುಕಿದೆ. ದಾರ ಇರಲಿಲ್ಲ. ಮಗ್ಗದ ಮ್ಯಾಲಿಂದ ಇಳಿಸುವಾಗ ಒಂದು ಕಡೆ ಹರದಿತ್ತು, ನಾನ ಹೊಲದೆ. ಒಂದು ಕಾರ್ಡು ಹೋದ್ರ ಏನಾತು ಅಂದ್ಕೊಂಡೆ. ನಡುವ ‘ಕಥಿ ಮುಗೀತು’ ಅಂತ ಬಂತು. ಮಾಶಾಕನ ಕಥಿನ ಹಂಗಲ್ಲ, ತಲಿ ಇಲ್ಲ ಬಾಲ ಇಲ್ಲ ಅಂತ ಮುಂದ ಹೋದೆ.”

“ದಾದಾ ಹೇಳಿದ್ರಾ? ನಮ್ಮಜ್ಜ?” ನೂರೀನಳ ದನಿ ಏರಿತು. “ದಾದಾ ನಿಮಗ ಯಾವಾಗ ಹೇಳಿದ್ರು?”

ಮಾಸ್ತರರು ತುಟಿ ಬಿಗಿದರು. ಬಾಯಿಂದ ಜಾರಿದ್ದನ್ನು ಮತ್ತೆ ಒಳಗೆ ಎಳೆದುಕೊಳ್ಳಲು ನೋಡುವವರ ಹಾಗೆ.

“ಯಾರ ಕೊಟ್ರು ನಿಮಗ ಆ ಮಾಲಿ?”

“ಅದನ್ನ ಹೇಳೂದಿಲ್ಲ. ಮಾತು ಕೊಟ್ಟೇನಿ.”

“ಕಳ್ಳರಿಗೂ ಮಾತಿರತಾವೇನ್ರಿ?”

“ಹುಡುಗೀ!”

“ಮುಂಜಾನಿ ಬರೂ ಮುಂದ ಬಹುಮಾನದ ಸಮಿತಿಗೆ ಅರ್ಜಿ ಕೊಟ್ಟ ಬಂದೇನಿ. ಎಪ್ಪತ್ತೊಂದನೇ ಪುಟ, ಈ ಕಾರ್ಡು, ಫಕೀರೇಶರ ಹತ್ರ ಇದ್ದ ನಿಮ್ಮ ಅಕ್ಷರ, ಎಲ್ಲಾದರ ಝೆರಾಕ್ಸು. ಅಂದಪ್ಪ ಮಾಸ್ತರು ಕದ್ದಾರ ಅಂತ ಬರದೇನಿ. ನಾಳಿ ವೇದಿಕಿ ಮ್ಯಾಲೆ ಓದತಾರ.”

ದೇವವ್ವ ಎದ್ದಳು. ಒಳಕೋಣೆಗೆ ಹೋದಳು. ಅಟ್ಟದ ಏಣಿ ಕಿರುಗುಟ್ಟಿತು. ತಿರುಗಿ ಬಂದಾಗ ಅವಳ ತೋಳಿನಲ್ಲಿ ಕೌದಿಯ ದೊಡ್ಡ ಗಂಟಿತ್ತು, ಮಲಗಿದ ಕೂಸಿನಷ್ಟು ಭಾರ.

“ತಗೋ,” ಎಂದಳು. “ನಾವು ಬೆಟಗೇರಿಯಾಗ ಇದ್ದಾಗ ಅಂವ ನಮ್ಮ ಕಟ್ಟಿ ಮ್ಯಾಲೆ ಕುಂತು ಇದನ್ನ ಹೇಳತಿದ್ರ ನಾ ರೊಟ್ಟಿ ಹೊತ್ತಿಸ್ತಿದ್ದೆ, ನಕ್ಕು ನಕ್ಕು. ಇವರು ಅಂತಿದ್ರು, ಇದು ಸಾಹಿತ್ಯ ಅಲ್ಲ ಮಾಶಾಕ, ಚಾಷ್ಟಿ. ಇಪ್ಪತ್ತು ವರ್ಷ ಅಂದ್ರು. ಈಗ ನೋಡು, ಸಾಹಿತ್ಯ ಆಗೈತಿ. ಯಾರೂ ನಗಂಗಿಲ್ಲ.”

ಮಾಸ್ತರರು ಹೆಂಡತಿಯನ್ನು ತಡೆಯಲಿಲ್ಲ.

“ಪುಸ್ತಕ ಬಿಡುಗಡೆ ಆದಾಗ ಭಾಷಣ ಮಾಡು ಅಂತ ಯಾರೂ ಅಂದಿರಲಿಲ್ಲ,” ಎಂದರು. “ಅದು ನನ್ನ ತಪ್ಪು. ನಲವತ್ತು ವರ್ಷದ ತಪಸ್ಸು ಅಂತ ಮೈಕಿನಾಗ ಹೇಳಿದ್ದೂ ನನ್ನ ತಪ್ಪ. ಉಳಿದದ್ದು...” ಮಾತು ನಿಲ್ಲಿಸಿ ಗಂಟಿನ ಕಡೆ ಕೈ ತೋರಿಸಿದರು. “ತಗೊಂಡ ಹೋಗಿ ಓದು. ಇನ್ನೂರಾ ಎಂಟನೇದರ ಕೆಳಗ ನಾ ಛಾಪಿಸದ ಬಿಟ್ಟ ನಾಕ ಸಾಲು ಅದಾವ. ಅವನ್ನ ಓದಿದ ಮ್ಯಾಲೂ ನನ್ನ ಕಳ್ಳ ಅನ್ನಾಕ ಬಾಯಿ ಬಂದ್ರ ಅನ್ನು.”

*

ಲಕ್ಷ್ಮೇಶ್ವರದಿಂದ ಗದಗಿನ ಬಸ್ಸು. ನೂರೀನ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು. ಕಂಡಕ್ಟರ್ “ಏನವಾ ಇದು, ಲಗೇಜ್ ಚಾರ್ಜ್ ಬೀಳತೈತಿ” ಎಂದಾಗ “ನಮ್ಮಜ್ಜ” ಎಂದಳು. ಅವನು ಮುಂದಕ್ಕೆ ಹೋಗಿಬಿಟ್ಟ.

ಕಿಟಕಿಯಾಚೆ ಕರಿಯ ಹೊಲಗಳು ಹಿಂದೋಡಿದವು. ಆರು ಕೈಯ ಜವಾನನೊಬ್ಬ ಅವುಗಳ ಬದುವಿನ ಮೇಲೆ ಓಡುತ್ತ, ಬಗ್ಗಿ ಬಗ್ಗಿ ಸೂರ್ಯನನ್ನು ಹುಡುಕುವುದು ಅವಳಿಗೆ ಕಂಡಿತು. ಚಿಕ್ಕಂದಿನಿಂದ ಅವಳದು ಇದೇ ಕೆಟ್ಟ ಚಾಳಿ, ಹೇಳಿದ್ದೆಲ್ಲ ಕಾಣುತ್ತಿತ್ತು. ಕಡೆಯ ನಾಲ್ಕು ಸಾಲುಗಳನ್ನು ಬಸ್ಸಿನಲ್ಲೇ ಬಿಚ್ಚಿ ಓದಬಹುದಿತ್ತು. ಓದಲಿಲ್ಲ. ಕಥೆಯ ತುದಿಯನ್ನು ಮೊದಲೇ ನೋಡಿದವರಿಗೆ ಕನಸಿನಲ್ಲಿ ದಾರಿ ತಪ್ಪುತ್ತದೆ ಎಂದು ಅಜ್ಜಿ, ಅವಳ ದಾದಿ, ಹೆದರಿಸಿದ್ದು ಇಪ್ಪತ್ತನಾಲ್ಕರ ವಯಸ್ಸಿನಲ್ಲೂ ಅವಳನ್ನು ಬಿಟ್ಟಿರಲಿಲ್ಲ.

ಬೆಟಗೇರಿಯ ಮನೆಯಲ್ಲಿ ಫಕೀರಬಿ ಮಧ್ಯಾಹ್ನದ ನಮಾಜು ಮುಗಿಸಿ ಕೂತಿದ್ದಳು. ಗಂಟು ಬಿಚ್ಚಿದ್ದನ್ನು ನೋಡಿದಳು. ಅಳಲಿಲ್ಲ. ಒಂದು ಕಾರ್ಡನ್ನು ಮೂಗಿನ ಹತ್ತಿರ ಹಿಡಿದು, “ನೂಲಿನ ಗಂಜಿ ವಾಸನಿ ಹೋಗೇತಿ,” ಎಂದಳು.

ನೂರೀನ ಇನ್ನೂರಾ ಒಂಬತ್ತನೇ ಕಾರ್ಡನ್ನು ಅದರ ಜಾಗದಲ್ಲಿ ಹೊಲಿದಳು. ಮಾಲೆ ಮತ್ತೆ ದುಂಡಗಾಯಿತು. ಓದಲು ಕೂತಳು.

ಸರಕಾರ ಸೂರ್ಯನನ್ನು ಮರೆಯಿತು. ಜವಾನ ಹೊರಟ. ದಾರಿಯಲ್ಲಿ ಒಂದು ಧೂಮಕೇತುವಿಗೆ ಟಿಕೀಟು ಕೇಳಿದರು. ಭೂಮಿಗೆ ಇಳಿದ ಜವಾನನನ್ನು ಬೆಟಗೇರಿಯವರು ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಇಟ್ಟುಕೊಂಡರು; ಆರು ಕೈಯ ದುಡಿಮೆಗೆ ಒಂದು ಬಾಯಿಯ ಚಹಾ. ಫಕೀರಬಿ ಅಲ್ಲಿ ನಕ್ಕಳು. ಗುಮಾಸ್ತನಿಗೆ ನಕ್ಕಳು. ಸತ್ತವನು ಚಹಾ ಕುಡಿಯಲು ಬಂದಾಗ, ಹಲ್ಲಿಲ್ಲದ ಬಾಯಿ ತೆರೆದು, ಮೊಣಕಾಲು ಬಡಿದುಕೊಂಡು ನಕ್ಕಳು. ಎರಡು ವರ್ಷದಲ್ಲಿ ಆ ಮನೆಯಲ್ಲಿ ಅಂಥ ಸದ್ದು ಕೇಳಿರಲಿಲ್ಲ.

ಕೊನೆಗೆ ‘ಅದು’ ಸಿಕ್ಕಿದ್ದು ಒಬ್ಬ ನೇಕಾರನ ಹಿತ್ತಲಿನಲ್ಲಿ. ಬಣ್ಣ ಹಾಕಿದ ನೂಲು ಒಣಗಿಸಲು ಅವನು ಅದನ್ನು ನೇತುಹಾಕಿಕೊಂಡಿದ್ದ. ಜವಾನ ಕೇಳಿದ. ನೂಲು ಒಣಗುವ ತನಕ ತಡಿ ಎಂದ ನೇಕಾರ. ಜವಾನ ಇನ್ನೂ ಕೂತಿದ್ದಾನೆ.

“ನಗು ಬಂದ್ರ ನಗ್ರಿ, ಇಲ್ಲಂದ್ರ ಮನಿಗೆ ಹೋಗ್ರಿ, ನಮ್ಮ ಕಥಿ ಮುಗೀತು.”

ಹೊರಗೆ ಬಿಸಿಲು ಹಳದಿಯಾಗಿತ್ತು. ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗಿಗೆ ಇನ್ನೂ ಹೊತ್ತಿತ್ತು.

“ಕೆಳಗ ಇನ್ನಷ್ಟ ಐತಿ,” ಎಂದಳು ನೂರೀನ.

ಶಾಯಿಯಲ್ಲ, ಪೆನ್ಸಿಲ್ಲು. ಅಕ್ಷರ ದಾದಾನದೇ. ಅನುಮಾನಕ್ಕೆ ಎಡೆಯಿಲ್ಲ, ತೂತುಗಳನ್ನು ಹಾಗೆ ದಾಟುವ ಕೈ ಇನ್ನೊಂದಿರಲಿಲ್ಲ. ಅವಳು ಕಣ್ಣಾಡಿಸಿದಳು. ಆಮೇಲೆ ಕಾರ್ಡನ್ನು ಮಡಿಲಿಗೆ ಮಗುಚಿ ಹಾಕಿದಳು.

“ಓದು,” ಎಂದಳು ಫಕೀರಬಿ.

“ಏನಿಲ್ಲ ದಾದಿ. ಲೆಕ್ಕ. ನೂಲಿಂದು.”

“ನೂರೀನ.”

“ಖರೇನ, ದಾದಿ.”

“ಒಂದಕ್ಷರ ಬಿಡಂಗಿಲ್ಲ ಅಂದಿದ್ದಿ. ನಾ ಕೇಳಿದ್ದ ಅದಕ್ಕ. ಕಥಿ ನನಗ ಬಾಯಿಪಾಠ ಐತಿ, ಮಗ್ಗದ ಕೆಳಗ ಕುಂತು ಕೇಳಿದಾಕಿ ನಾನ. ಆವತ್ತ ಅವರು ಕಥಿ ಮುಗದ ಮ್ಯಾಲೂ ಬರದ್ರು. ಏನ ಬರದ್ರಿ ಅಂದೆ. ಓದಾಕ ಬಂದ್ರ ಓದಕೋ ಅಂದ್ರು. ಎರಡು ವರ್ಷ ಆತು.” ಅವಳ ದನಿಯಲ್ಲಿ ನಗೆಯ ಪಸೆಯೂ ಉಳಿದಿರಲಿಲ್ಲ. “ಓದು.”

ನೂರೀನ ಕಾರ್ಡನ್ನು ತಿರುಗಿಸಿದಳು.

“‘ನಾಳಿ ಮಾಸ್ತರ ಬರತಾರ. ಈ ಮಾಲಿ ಅವರಿಗೆ ಕೊಡತೇನಿ. ಹೆಸರು ನಿಮ್ಮದ ಹಾಕ್ಕೋರಿ, ನಾ ಕೊಟ್ಟೇನಂತ ಯಾರ ಮುಂದೂ ಹೇಳಬ್ಯಾಡ್ರಿ ಅಂದೇನಿ. ಹಿಂಗ ಮಾಡ್ರಿ ಅಂದಾಕಿ ಫಕೀರಬಿ.’”

ಅವಳು ತಲೆಯೆತ್ತಿದಳು. ಅಜ್ಜಿ ರೆಪ್ಪೆ ಬಡಿಯಲಿಲ್ಲ.

“ಮುಂದ.”

“‘ಹಿಂದಿನ ಕಥಿ ವಾರಪತ್ರಿಕಾದಾಗ ಬಂದಾಗ ಇಬ್ಬರು ಗಾಡಿ ಮ್ಯಾಲೆ ಬಂದು ಬಾಗಲದಾಗ ನಿಂತು, ಸರಕಾರಕ್ಕ ನಗಾಕ ನಿಮ್ಮಂಥವರಿಗೆ ಯಾರು ಪರವಾನಿಗಿ ಕೊಟ್ಟಾರ ಅಂತ ಕೇಳಿ ಹೋದ್ರು. ಆವತ್ತಿನಿಂದ ಆಕಿ ನಿದ್ದಿ ಮಾಡಿಲ್ಲ. ಮಾಶಾಕ ಅಂತ ಇದ್ರ ಮಂದಿ ಮೊದಲ ಹೆಸರು ಓದತಾರ, ಆಮ್ಯಾಲೆ ನಗೂದೋ ಬ್ಯಾಡೋ ಅಂತ ವಿಚಾರ ಮಾಡತಾರ ಅಂತಾಳ. ಆಕಿ ಅನ್ನೂದು ಖರೆ ಐತಿ.’”

ಇನ್ನು ಒಂದು ಸಾಲು ಉಳಿದಿತ್ತು. ನೂರೀನಳಿಗೆ ಅದನ್ನು ಬಿಟ್ಟುಬಿಡುವುದು ಎಷ್ಟು ಸುಲಭ ಎನಿಸಿತು. ಓದಲು ಬಾರದ ಮುದುಕಿ. ‘ಖರೆ ಐತಿ’ ಎಂಬಲ್ಲಿಗೆ ನಿಲ್ಲಿಸಿದರೆ ಒಂದು ಒಳ್ಳೆಯ ಮುಕ್ತಾಯವಿತ್ತು. ಅವಳ ಬಾಲ್ಯದ ಕಥೆಗಳೆಲ್ಲ ಅಂಥಲ್ಲೇ ನಿಲ್ಲುತ್ತಿದ್ದವು.

ಫಕೀರಬಿ ಕೈ ಚಾಚಿ, ಕಾರ್ಡಿನ ಮೇಲೆ ಬೆರಳಾಡಿಸಿದಳು. ಪೆನ್ಸಿಲ್ಲು ಒತ್ತಿ ಬರೆದಿದ್ದಲ್ಲಿ ರಟ್ಟು ತಗ್ಗಾಗಿತ್ತು. “ಇಲ್ಲಿ ಇನ್ನೊಂದು ಸಾಲು ಐತಿ,” ಎಂದಳು.

ನೂರೀನ ಓದಿದಳು.

“‘ಆದ್ರ ಆಕಿ ಮ್ಯಾಲೆ ನನಗ ಸಿಟ್ಟೈತಿ. ನಾ ಹೋದ್ರೂ ಅದು ಹೋಗೂದಿಲ್ಲ.’”

ಬೀದಿಯಲ್ಲಿ ಯಾರದೋ ಮಗ್ಗ ಖಟಪಟ ಬಡಿಯುತ್ತಿತ್ತು. ಒಂದು ಹಂತ ಮುಗಿಸಿ ಅದೂ ನಿಂತಿತು.

“ಇಷ್ಟ?” ಎಂದಳು ಫಕೀರಬಿ.

“ಇಷ್ಟ, ದಾದಿ.”

“ಏನೂ ಬಿಟ್ಟಿಲ್ಲಲ್ಲ?”

“ಒಂದಕ್ಷರ ಬಿಟ್ಟಿಲ್ಲ.”

“ಆತು.” ಫಕೀರಬಿ ಮಾಲೆಯನ್ನು ತನ್ನ ಕಡೆ ಎಳೆದುಕೊಂಡಳು. “ನಾಳಿ ಹನ್ನೊಂದಕ್ಕ ಅಂದ್ಯಲ್ಲ. ನಾನೂ ಬರತೇನಿ.”

“ಬಂದು ಏನಂತ ಹೇಳ್ತಿ?”

“ನಾ ಅಲ್ಲ, ಇದು ಹೇಳತೈತಿ,” ಎಂದಳು ಫಕೀರಬಿ. ಹಲ್ಲಿಲ್ಲದ ಬಾಯಿಯಿಂದ ದಾರ ಕಡಿಯಲಾಗದೆ, ಉಗುರಿನಿಂದಲೇ, ಇನ್ನೂರಾ ಎಂಟನೇ ಕಾರ್ಡಿನ ಹೊಲಿಗೆಯನ್ನು ಅವಳು ಒಂದೊಂದಾಗಿ ಬಿಚ್ಚತೊಡಗಿದಳು.